ಉಚಿತ ವಿದ್ಯೆಯೂ ಸ್ವಭಾಷೆಯೂ

ವಿದ್ಯೆಯನ್ನು ಮಾರಬಾರದೆಂಬುದು ನಮ್ಮ ನಾಡಿನ ಹಳೆಯ ಧರ್ಮ. ಅಗ್ರಹಾರ, ಮಠ, ಬಸದಿಗಳಲ್ಲಿ ವಿದ್ಯಾದಾನವು ನಡೆಯುತ್ತಿದ್ದುದಕ್ಕೆ ನಮ್ಮ ಶಿಲಾಶಾಸನಗಳೇ ಸಾಕ್ಷಿ. ಆ ದಾನವು ಎಲ್ಲ ಜಾತಿಯವರಿಗೂ, ಎಲ್ಲ ಹೆಂಗಸರಿಗೂ ದೊರೆಯಲಿಲ್ಲವೆಂಬುದು ಅಷ್ಟೇ ಸತ್ಯ. ಈ ಶತಮಾನದ ಆರಂಭದಿಂದ ಲೋಕದಲ್ಲಿ ಹೊಸ ಬಗೆಯ ವಿದ್ಯಾದಾನವೊಂದು ತಲೆಯೆತ್ತಿದೆ. ಸಾಹಿತ್ಯ, ಚರಿತ್ರೆ, ಅರ್ಥಶಾಸ್ತ್ರ, ಗಣಿತ, ಭೌತಶಾಸ್ತ್ರ, ಕಾನೂನು ಮೊದಲಾದ ಸಕಲ ಶಾಸ್ತ್ರಗಳ ಪಾಠಗಳನ್ನು ಜಾತಿ ಕೇಳದೆ, ವಯಸ್ಸು ಕೇಳದೆ, ಶುಲ್ಕ ಕೇಳದೆ, ಅಂತರಜಾಲದ ಮೂಲಕ ಕೈಯೊಳಗಿನ ಮೊಬೈಲಿಗೇ ತಲಪಿಸುವ ಏರ್ಪಾಡು ಇದು. ಇದರಿಂದ ಬಡವರ ಮಕ್ಕಳಿಗೂ ಜಗತ್ತಿನ ವಿಶ್ವವಿದ್ಯಾನಿಲಯಗಳ ಬಾಗಿಲು ತೆರೆಯಿತೆಂದು ಸರಕಾರದ ಸಭೆಗಳಲ್ಲಿಯೂ ಘಟಿಕೋತ್ಸವದ ಭಾಷಣಗಳಲ್ಲಿಯೂ ಕೇಳುತ್ತಲೇ ಇದ್ದೇವೆ. ಬಾಗಿಲು ತೆರೆದಿರುವುದು ನಿಜ. ಆದರೆ ಆ ಮನೆಯ ಯಜಮಾನರು ಯಾರು, ಒಳಗೆ ಹೋಗಬಲ್ಲವರು ಯಾರು, ಒಳಗೆ ನಡೆಯುವ ಮಾತು ಯಾವ ಭಾಷೆಯದು ಎಂಬ ಮೂರು ಪ್ರಶ್ನೆಗಳನ್ನು ವಿಚಾರಿಸದೆ ಹಿಗ್ಗುವುದು ವಿವೇಕವಲ್ಲ.

ಮೊದಲು ಆಗಿರುವ ಉಪಕಾರವನ್ನು ಕೃತಜ್ಞತೆಯಿಂದ ಸ್ಮರಿಸೋಣ. ಅಮೇರಿಕೆಯ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯು ತನ್ನಲ್ಲಿ ನಡೆಯುವ ಪಾಠಗಳ ಸಾಮಗ್ರಿಯನ್ನೆಲ್ಲ ಜಗತ್ತಿಗೆ ಬಿಟ್ಟಿಯಾಗಿ ಕೊಡುವುದಾಗಿ 2001ರ ಏಪ್ರಿಲ್ ತಿಂಗಳಲ್ಲಿ ಸಾರಿತು. ಇತರ ವಿದ್ಯಾಸಂಸ್ಥೆಗಳು ಪಾಠವನ್ನು ಅಂತರಜಾಲದಲ್ಲಿ ಮಾರಿ ಹಣ ಗಳಿಸುವ ಹವಣಿಕೆಯಲ್ಲಿದ್ದ ಕಾಲವದು. ಕೊಲಂಬಿಯಾ ವಿಶ್ವವಿದ್ಯಾನಿಲಯವು ಲಾಭಕ್ಕಾಗಿ ತೆರೆದಿದ್ದ ಫ್ಯಾದಮ್ ಎಂಬ ಕಂಪೆನಿಯು 2003ರಲ್ಲಿಯೇ ಮುಚ್ಚಿಹೋಯಿತು. ಕೊಟ್ಟ ಸಂಸ್ಥೆಯ ಭಂಡಾರವಾದರೋ ಬೆಳೆದು 2,500ಕ್ಕೂ ಹೆಚ್ಚಿನ ಪಾಠಕ್ರಮಗಳನ್ನು ಒಳಗೊಂಡು ಇಂದಿಗೂ ಉಳಿದಿದೆ. ಮಾರಹೊರಟವರು ಸೋತು, ಕೊಟ್ಟವರು ಉಳಿದ ಈ ಪ್ರಸಂಗವು ನೆನಪಿನಲ್ಲಿಡತಕ್ಕದ್ದು.

ನಮ್ಮ ದೇಶವೂ ಈ ವಿಷಯದಲ್ಲಿ ಹಿಂದುಳಿಯಲಿಲ್ಲ. ಏಳು ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ, 1999ರಲ್ಲಿ ಅಂಕುರಿಸಿದ ಯೋಚನೆಯೊಂದನ್ನು 2003ರಿಂದ ಕೇಂದ್ರ ಸರಕಾರದ ದ್ರವ್ಯಸಹಾಯದೊಡನೆ ಕಾರ್ಯಕ್ಕೆ ತಂದುವು. ಎನ್‌ಪಿಟೆಲ್ ಎಂದು ವಿದ್ಯಾರ್ಥಿಗಳ ಬಾಯಲ್ಲಿ ನಲಿಯುವ ಯೋಜನೆಯೇ ಇದು. ಒಳ್ಳೆಯ ಅಧ್ಯಾಪಕರಿಲ್ಲದ ಎಷ್ಟೋ ಎಂಜಿನಿಯರಿಂಗ್ ಕಾಲೇಜುಗಳ ಹುಡುಗರು ಇದರಿಂದಲೇ ವಿಷಯವನ್ನು ತಿಳಿದು ಪರೀಕ್ಷೆಯನ್ನು ದಾಟಿದ್ದಾರೆ. 2017ರ ಜುಲೈ 9ರಂದು ರಾಷ್ಟ್ರಪತಿ ಪ್ರಣವ ಮುಖರ್ಜಿಯವರು ‘ಸ್ವಯಂ’ ಎಂಬ ಹೆಸರಿನ ರಾಷ್ಟ್ರೀಯ ವ್ಯವಸ್ಥೆಯನ್ನು ಉದ್ಘಾಟಿಸಿದರು. ಶಾಲೆಯ ಮೇಲ್ತರಗತಿಯಿಂದ ಸ್ನಾತಕೋತ್ತರ ತರಗತಿಯವರೆಗಿನ ಪಾಠಗಳು ಅಲ್ಲಿ ಉಚಿತ. ಪ್ರಮಾಣಪತ್ರ ಬೇಕೆಂಬವನು ಮಾತ್ರ ಶುಲ್ಕ ತೆತ್ತು ಪರೀಕ್ಷೆಗೆ ಕೂಡಬೇಕು. ವಾಣಿಜ್ಯ ಮತ್ತು ವ್ಯವಹಾರ ನಿರ್ವಹಣೆಯ ಪಾಠಗಳ ಹೊಣೆಯು ಬೆಂಗಳೂರಿನ ಐ.ಐ.ಎಂ. ಸಂಸ್ಥೆಗೆ ಸೇರಿದೆ. ಹೀಗೆ ಈ ಮಹಾಕಾರ್ಯದ ಎರಡು ಕಂಬಗಳು ನಮ್ಮ ರಾಜಧಾನಿಯಲ್ಲಿಯೇ ನಿಂತಿವೆ.

ಇನ್ನು ಯಜಮಾನಿಕೆಯ ಪ್ರಶ್ನೆ. ಪರರು ದಯದಿಂದ ಕೊಟ್ಟುದನ್ನು ಪರರು ಹಿಂದಕ್ಕೆ ತೆಗೆದುಕೊಳ್ಳಬಲ್ಲರು. ಕೋರ್ಸೆರಾ ಎಂಬ ಅಮೇರಿಕದ ಕಂಪೆನಿಯು 2012ರಲ್ಲಿ ಆರಂಭವಾದಾಗ ಲೋಕದ ಮೇಲಾದ ವಿದ್ಯೆಯನ್ನು ಲೋಕದವರಿಗೆಲ್ಲ ಕೊಡುವೆನೆಂದು ಹೊರಟಿತು. 2014ರ ಜನವರಿಯಲ್ಲಿ ಅಮೇರಿಕ ಸರಕಾರದ ಆರ್ಥಿಕ ನಿರ್ಬಂಧಗಳ ಕಾರಣದಿಂದ ಇರಾನ್, ಸುಡಾನ್, ಕ್ಯೂಬಾ ದೇಶಗಳ ವಿದ್ಯಾರ್ಥಿಗಳಿಗೆ ಆ ಪಾಠಗಳು ಮುಚ್ಚಿಕೊಂಡವು. ಟೆಹ್ರಾನಿನ ಹುಡುಗನೊಬ್ಬನು ಗಣಿತವನ್ನು ಕಲಿಯುವುದಕ್ಕೂ ಎರಡು ಸರಕಾರಗಳ ಜಗಳಕ್ಕೂ ಏನು ಸಂಬಂಧವೆಂದು ಕೇಳುವವರಿರಲಿಲ್ಲ. 2016ರ ಜೂನ್ ತಿಂಗಳಿನ ಕೊನೆಗೆ ಅದೇ ಕಂಪೆನಿಯು ತನ್ನ ಹಳೆಯ ವ್ಯವಸ್ಥೆಯನ್ನು ನಿಲ್ಲಿಸಿದಾಗ ಅಲ್ಲಿದ್ದ ಅನೇಕ ಪಾಠಗಳು ಜನರ ಕಣ್ಣಿಗೆ ಮರೆಯಾದುವು. ಹಾರ್ವರ್ಡ್ ಮತ್ತು ಮ್ಯಾಸಚೂಸೆಟ್ಸ್ ಸಂಸ್ಥೆಗಳು ಲಾಭದ ಆಸೆಯಿಲ್ಲದೆ 2012ರಲ್ಲಿ ಕಟ್ಟಿದ ಎಡ್‌ಎಕ್ಸ್ ಕೂಡ 2021ರಲ್ಲಿ 80 ಕೋಟಿ ಡಾಲರಿಗೆ ಲಾಭದ ಕಂಪೆನಿಯೊಂದರ ಕೈಸೇರಿತು. ಕೊಂಡ ಕಂಪೆನಿಯು 2024ರಲ್ಲಿ ಸಾಲದ ಹೊರೆ ತಾಳದೆ ದಿವಾಳಿಯ ಅರ್ಜಿಯನ್ನು ಸಲ್ಲಿಸಬೇಕಾಯಿತು.

ಸರಕಾರಿ ವಿಶ್ವವಿದ್ಯಾನಿಲಯವಾದರೂ ಅಪಾಯವಿಲ್ಲವೆನ್ನುವಂತಿಲ್ಲ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾನಿಲಯವು ತಾನು ಬಿಟ್ಟಿಯಾಗಿ ತೆರೆದಿಟ್ಟಿದ್ದ 20,000ಕ್ಕೂ ಮಿಕ್ಕ ಉಪನ್ಯಾಸಗಳನ್ನು 2017ರಲ್ಲಿ ಸಾರ್ವಜನಿಕರಿಂದ ಹಿಂತೆಗೆದುಕೊಂಡಿತು. ಕಿವುಡರು ಓದಿಕೊಳ್ಳುವಂತೆ ಉಪನ್ಯಾಸದ ಮಾತುಗಳನ್ನು ಬರಹದಲ್ಲಿ ತೋರಿಸಿರಲಿಲ್ಲವೆಂದು ದೂರು ಬಂದು, ಅದು ನ್ಯಾಯವೆಂದು ಅಲ್ಲಿನ ನ್ಯಾಯ ಇಲಾಖೆಯು ಹಿಂದಿನ ವರ್ಷವೇ ತೀರ್ಮಾನಿಸಿತ್ತು. ಕಿವುಡರ ಹಕ್ಕು ನ್ಯಾಯವಾದುದು. ಅದನ್ನು ಸಲ್ಲಿಸುವ ಖರ್ಚನ್ನು ಹೊರುವುದಕ್ಕಿಂತ ಎಲ್ಲರಿಗೂ ಬಾಗಿಲು ಮುಚ್ಚುವುದು ಸುಲಭವೆಂದು ಕಂಡದ್ದೇ ಶೋಚನೀಯ. ಈ ಉದಾಹರಣೆಗಳಿಂದ ನಾವು ಕಲಿಯಬೇಕಾದುದಿಷ್ಟೆ: ಶುಲ್ಕವಿಲ್ಲದಿರುವುದು ಬೇರೆ, ಸ್ವಾತಂತ್ರ್ಯವಿರುವುದು ಬೇರೆ. ತನ್ನ ಜನರ ವಿದ್ಯಾಭ್ಯಾಸವನ್ನು ಹೊರದೇಶದ ಕಂಪೆನಿಯ ಲೆಕ್ಕಪುಸ್ತಕಕ್ಕೆ ಕಟ್ಟಿಹಾಕುವ ರಾಷ್ಟ್ರವು ಯಾವಾಗಲೂ ಪರರ ಮುಖವನ್ನು ನೋಡುತ್ತಿರಬೇಕಾಗುತ್ತದೆ.

ಎರಡನೆಯ ಪ್ರಶ್ನೆ, ಒಳಗೆ ಹೋಗಬಲ್ಲವರು ಯಾರೆಂಬುದು. ಹಾರ್ವರ್ಡ್ ಮತ್ತು ಮ್ಯಾಸಚೂಸೆಟ್ಸ್ ಸಂಸ್ಥೆಗಳ ಅಂತರಜಾಲ ಪಾಠಗಳಲ್ಲಿ 2012ರಿಂದ 2018ರವರೆಗೆ ಹೆಸರು ಬರೆಯಿಸಿದ್ದ ಸುಮಾರು 56 ಲಕ್ಷ ಜನರ ವಿವರಗಳನ್ನು ಶೋಧಿಸಿದ ಲೇಖನವೊಂದು 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೆಸರು ಬರೆಯಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪಾಠದೊಳಗೆ ಕಾಲಿಡಲೇ ಇಲ್ಲವೆಂದೂ, 2017-18ರ ಸಾಲಿನಲ್ಲಿ ಪಾಠವನ್ನು ಪೂರೈಸಿದವರು ನೂರಕ್ಕೆ ಮೂವರಿಗಿಂತ ಸ್ವಲ್ಪವೇ ಹೆಚ್ಚೆಂದೂ ಅದರಿಂದ ತಿಳಿಯಿತು. ಪ್ರಮಾಣಪತ್ರಕ್ಕಾಗಿ ಹಣ ಕಟ್ಟಿದವರಲ್ಲಿಯಾದರೋ ನೂರಕ್ಕೆ ನಲವತ್ತಾರು ಮಂದಿ ಪೂರೈಸಿದ್ದರು. ಹೊಸದಾಗಿ ಸೇರುವವರಲ್ಲಿ ಸಂಪನ್ನ ದೇಶಗಳವರೇ ಹೆಚ್ಚುತ್ತಿದ್ದರೆಂಬುದೂ ಆ ಶೋಧನೆಯ ಫಲಿತಾಂಶಗಳಲ್ಲೊಂದು. ಬಡವರ ಉದ್ಧಾರಕ್ಕೆಂದು ಹೊರಟ ತೇರು ಸಿರಿವಂತರ ಬೀದಿಯಲ್ಲಿಯೇ ಸುತ್ತುತ್ತಿದೆಯೆಂದರೆ ಅತ್ಯುಕ್ತಿಯಾಗದು.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ವಿದ್ಯೆಗೆ ಪುಸ್ತಕವೊಂದೇ ಸಾಲದು. ಬಿಡುವು ಬೇಕು, ಕುಳಿತುಕೊಳ್ಳುವ ಜಾಗ ಬೇಕು, ಸಂದೇಹ ಬಂದಾಗ ಕೇಳುವುದಕ್ಕೆ ಒಬ್ಬರು ಬೇಕು. ಕೇಂದ್ರ ಸರಕಾರದ 2017-18ರ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ನೂರಕ್ಕೆ ಹದಿನೈದು ಮನೆಗಳಿಗೆ ಮಾತ್ರ ಅಂತರಜಾಲದ ಸೌಲಭ್ಯವಿತ್ತು. ಕಂಪ್ಯೂಟರ್ ಇದ್ದ ಮನೆಗಳು ನೂರಕ್ಕೆ ಐದನ್ನೂ ಮುಟ್ಟಿರಲಿಲ್ಲ. ಆಮೇಲೆ ಮೊಬೈಲುಗಳು ಹೆಚ್ಚಿವೆ, ದರವು ತಗ್ಗಿದೆ. ಆದರೂ ಒಂದು ಮನೆಗೆ ಒಂದೇ ಮೊಬೈಲು ಇದ್ದರೆ ಅದು ಮೊದಲು ತಂದೆಯ ಕೈಯಲ್ಲಿ, ಆಮೇಲೆ ಮಗನ ಕೈಯಲ್ಲಿ, ಉಳಿದ ಹೊತ್ತಿನಲ್ಲಿ ಮಗಳ ಕೈಯಲ್ಲಿ ಎಂಬುದು ನಾವೆಲ್ಲರೂ ಬಲ್ಲ ಸಂಗತಿ. ಹೆಣ್ಣುಮಕ್ಕಳ ವಿದ್ಯಾರ್ಥಿನಿಲಯದಲ್ಲಿ ಮೊಬೈಲಿನ ಮೇಲೆ ಹಾಕಿದ ಕಟ್ಟುಪಾಡಿನ ವ್ಯಾಜ್ಯದಲ್ಲಿ ಕೇರಳದ ಉಚ್ಚ ನ್ಯಾಯಾಲಯವು 2019ರಲ್ಲಿ ತೀರ್ಪುಕೊಟ್ಟು, ಅಂತರಜಾಲವನ್ನು ಬಳಸುವುದು ವಿದ್ಯಾಭ್ಯಾಸದ ಹಕ್ಕಿನ ಅಂಗವೆಂದು ಹೇಳಿತು. ಹಕ್ಕೆಂದು ಒಪ್ಪಿದ ಮೇಲೆ ಅದನ್ನು ಸಲ್ಲಿಸುವ ಸ್ಥಳವನ್ನೂ ಸಾಧನವನ್ನೂ ಒದಗಿಸುವುದು ಸರಕಾರದ ಕರ್ತವ್ಯವಾಗುತ್ತದೆ.

ಮೂರನೆಯದೂ ಎಲ್ಲಕ್ಕಿಂತ ದೊಡ್ಡದೂ ಆದುದು ಭಾಷೆಯ ಪ್ರಶ್ನೆ. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯಿನುಡಿಯೆಂದು ಬರೆಯಿಸಿದವರು 4 ಕೋಟಿ 37 ಲಕ್ಷ ಜನ. ಅದೇ ಗಣತಿಯಲ್ಲಿ ಇಂಗ್ಲಿಷನ್ನು ಮೊದಲನೆಯ, ಎರಡನೆಯ ಅಥವಾ ಮೂರನೆಯ ಭಾಷೆಯಾಗಿ ಬಲ್ಲೆವೆಂದವರು ದೇಶದಲ್ಲೆಲ್ಲ ನೂರಕ್ಕೆ ಹತ್ತು ಹನ್ನೊಂದು ಮಂದಿ. ಹೀಗಿರುವಾಗ ಉಚಿತ ಪಾಠಗಳ ಬಹುಭಾಗವು ಇಂಗ್ಲಿಷಿನಲ್ಲಿಯೇ ಇದ್ದರೆ ಅದು ಯಾರಿಗೆ ಉಚಿತ? ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ ತಾಲ್ಲೂಕಿನ ಪದವಿ ಕಾಲೇಜಿಗೆ ಬಂದ ಹುಡುಗಿಗೆ ಅರ್ಥಶಾಸ್ತ್ರವು ಕಠಿನವಾಗಿ ತೋರುವುದು ಬುದ್ಧಿಯ ಕೊರತೆಯಿಂದಲ್ಲ. ಎರಡು ಬಾಗಿಲುಗಳನ್ನು ಒಮ್ಮೆಗೇ ನೂಕಬೇಕಾಗಿರುವುದರಿಂದ. ಒಂದು ವಿಷಯದ ಬಾಗಿಲು, ಇನ್ನೊಂದು ಭಾಷೆಯ ಬಾಗಿಲು. ಸಿರಿವಂತರ ಮಕ್ಕಳು ಹಣ ಕೊಟ್ಟು ಎರಡನೆಯದನ್ನು ಮೊದಲೇ ತೆರೆಯಿಸಿಕೊಂಡಿರುತ್ತಾರೆ. ಬಡವರ ಮಕ್ಕಳ ಪಾಲಿಗೆ ಇಂಗ್ಲಿಷೆಂಬುದೇ ಕಾಣದೆ ತೆರಬೇಕಾದ ಶುಲ್ಕ.

ಕನ್ನಡದಲ್ಲಿ ಶಾಸ್ತ್ರವಿಷಯಗಳನ್ನು ಹೇಳುವುದು ಸಾಧ್ಯವೇ ಎಂದು ಈಗಲೂ ಕೇಳುವವರುಂಟು. ಅವರಿಗೆ ನಮ್ಮ ಹಿರಿಯರೇ ಉತ್ತರ ಕೊಟ್ಟು ಹೋಗಿದ್ದಾರೆ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿಯೇ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ಮಾಡಿದರು. ಅವು ಅಗ್ಗದ ಕಿರುಹೊತ್ತಗೆಗಳಾಗಿ ಅಚ್ಚಾದುವು. ಶಿವರಾಮ ಕಾರಂತರು ಒಬ್ಬರೇ ಕುಳಿತು ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನೂ ದೊಡ್ಡವರಿಗಾಗಿ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ಬರೆದರು. ಸಸ್ಯಶಾಸ್ತ್ರವನ್ನು ಕುರಿತ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಕೇಂದ್ರ ಸಾಹಿತ್ಯ ಅಕಾಡೆಮಿಯ 1978ರ ಬಹುಮಾನವನ್ನೇ ಪಡೆಯಿತು. ಅಂತರಜಾಲವಿಲ್ಲದ ಕಾಲದಲ್ಲಿ, ಕೈಯಿಂದ ಹಣ ಹಾಕಿಯೋ ಚಂದಾ ಎತ್ತಿಯೋ ಅವರು ಮಾಡಿದ ಕೆಲಸವನ್ನು, ಸಾಧನಸಂಪತ್ತಿಯೆಲ್ಲ ಇರುವ ನಾವು ಮಾಡಲಾರೆವೆಂದರೆ ಕೊರತೆಯು ಭಾಷೆಯದಲ್ಲ, ಮನಸ್ಸಿನದು.

ಹೊರದೇಶದ ದೃಷ್ಟಾಂತವೊಂದೂ ಇಲ್ಲಿ ಉಪಯುಕ್ತ. ತೈವಾನಿನ ಲೂಸಿಫರ್ ಚು ಎಂಬವರು ಟೋಲ್ಕಿನ್ನನ ಅದ್ಭುತ ಕಾದಂಬರಿಯನ್ನು ಚೀನೀ ಭಾಷೆಗೆ ತರ್ಜುಮೆ ಮಾಡಿ ಹೇರಳವಾಗಿ ಹಣ ಗಳಿಸಿದರು. ಆ ಹಣದ ಬಲದಿಂದ 2004ರಲ್ಲಿ ಒಂದು ಸಂಘವನ್ನು ಕಟ್ಟಿ, ಸ್ವಯಂಸೇವಕರನ್ನು ಕೂಡಿಸಿ, ಮ್ಯಾಸಚೂಸೆಟ್ಸ್ ಸಂಸ್ಥೆಯ ಉಚಿತ ಪಾಠಗಳನ್ನು ಚೀನೀ ಭಾಷೆಗೆ ತರತೊಡಗಿದರು. ಇದು ಕದ್ದ ಕೆಲಸವಲ್ಲ. ಲಾಭಕ್ಕಾಗಿ ಬಳಸದೆ, ಮೂಲವನ್ನು ಹೆಸರಿಸಿ, ತಾನು ಮಾಡಿದುದನ್ನೂ ಅದೇ ಷರತ್ತಿನ ಮೇಲೆ ಇತರರಿಗೆ ಬಿಟ್ಟುಕೊಡುವ ಯಾವನಾದರೂ ಭಾಷಾಂತರಿಸಬಹುದೆಂದು ಆ ಪಾಠಗಳ ಪರವಾನಗಿಯೇ ಹೇಳುತ್ತದೆ. ಆ ಪರವಾನಗಿಯು ಕನ್ನಡಕ್ಕೂ ಅನ್ವಯಿಸುತ್ತದೆ. ಯಾರ ಅಪ್ಪಣೆಯನ್ನೂ ಬೇಡಬೇಕಾಗಿಲ್ಲ.

ನಮ್ಮಲ್ಲಿಯೂ ಕೆಲವು ಒಳ್ಳೆಯ ಯತ್ನಗಳು ನಡೆದಿವೆ. ಎನ್‌ಪಿಟೆಲ್ ಪಾಠಗಳ ಲಿಖಿತರೂಪವನ್ನು ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಿಗೆ ತರಲಾಗುತ್ತಿದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ಕೂಲಿಯಿಲ್ಲದ ಕೆಲಸಗಾರರು ಬೆಳೆಸಿದ್ದಾರೆ. ಕರ್ನಾಟಕ ಜ್ಞಾನ ಆಯೋಗದ ಸಲಹೆಯಿಂದ ‘ಕಣಜ’ವೆಂಬ ಕನ್ನಡ ಜ್ಞಾನಕೋಶವು ಹುಟ್ಟಿತು. ಈಚೆಗೆ ಯಂತ್ರದಿಂದಲೇ ತರ್ಜುಮೆ ಮಾಡಿಸುವ ಉತ್ಸಾಹವೂ ಹೆಚ್ಚಿದೆ. ಯಂತ್ರವು ಆಳಿನ ಕೆಲಸವನ್ನು ಮಾಡಲಿ, ಬೇಡವೆನ್ನುವುದಿಲ್ಲ. ಯಜಮಾನಿಕೆಯನ್ನು ಮಾತ್ರ ವಿಷಯ ಬಲ್ಲ ಕನ್ನಡಿಗನೇ ಮಾಡಬೇಕು. ಒಂದೇ ಪಾರಿಭಾಷಿಕ ಶಬ್ದಕ್ಕೆ ಒಂದು ಪಾಠದಲ್ಲಿ ಒಂದು ಮಾತು, ಇನ್ನೊಂದರಲ್ಲಿ ಇನ್ನೊಂದು ಮಾತು ಬಂದರೆ ವಿದ್ಯಾರ್ಥಿಯು ಕನ್ನಡದ ಮೇಲೆಯೇ ಬೇಸರಗೊಳ್ಳುತ್ತಾನೆ. ಆ ಬೇಸರದ ಅಪಕೀರ್ತಿಯು ಯಂತ್ರಕ್ಕೆ ಹೋಗದೆ ಭಾಷೆಗೆ ಬರುತ್ತದೆ.

ಇಲ್ಲಿ ಅಧಿಕಾರಿವರ್ಗಕ್ಕೆ ಒಂದು ಎಚ್ಚರಿಕೆಯ ಮಾತನ್ನು ಹೇಳುವುದು ನಮ್ಮ ಕರ್ತವ್ಯ. ವಿಶ್ವವಿದ್ಯಾನಿಲಯ ಅನುದಾನ ಆಯೋಗವು ‘ಸ್ವಯಂ’ ಪಾಠಗಳಿಂದ ಪಡೆಯಬಹುದಾದ ಅಂಕಪ್ರಮಾಣದ ಮಿತಿಯನ್ನು 2016ರಲ್ಲಿ ನೂರಕ್ಕೆ ಇಪ್ಪತ್ತೆಂದು ಗೊತ್ತುಮಾಡಿ, 2021ರಲ್ಲಿ ನಲವತ್ತಕ್ಕೆ ಏರಿಸಿತು. ಇದರ ಸದುಪಯೋಗವೂ ಉಂಟು, ದುರುಪಯೋಗವೂ ಉಂಟು. ತನ್ನ ಕಾಲೇಜಿನಲ್ಲಿಲ್ಲದ ವಿಷಯವನ್ನು ವಿದ್ಯಾರ್ಥಿಯು ಬೇರೆ ಕಡೆಯಿಂದ ಕಲಿಯುವುದು ಸದುಪಯೋಗ. ಅಂತರಜಾಲದಲ್ಲಿ ಪಾಠವಿದೆಯಲ್ಲಾ ಎಂದು ಅಧ್ಯಾಪಕರ ಹುದ್ದೆಗಳನ್ನು ಖಾಲಿಯಿಡುವುದು ದುರುಪಯೋಗ. ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ವಿಶ್ವವಿದ್ಯಾನಿಲಯದ ತತ್ತ್ವಶಾಸ್ತ್ರ ವಿಭಾಗದವರು 2013ರಲ್ಲಿ ಹಾರ್ವರ್ಡಿನ ಮೈಕೇಲ್ ಸ್ಯಾಂಡೆಲ್ ಅವರ ಪ್ರಸಿದ್ಧ ಅಂತರಜಾಲ ಪಾಠವನ್ನು ತಮ್ಮ ತರಗತಿಗಳಿಗೆ ತರಲು ಒಪ್ಪದೆ ಬಹಿರಂಗ ಪತ್ರವನ್ನು ಬರೆದರು. ಸಿರಿವಂತರ ವಿಶ್ವವಿದ್ಯಾನಿಲಯಗಳಿಗೆ ಜೀವಂತ ಗುರುಗಳು, ಬಡವರದಕ್ಕೆ ಗುರುಗಳ ಚಿತ್ರ ಎಂಬ ಎರಡು ಪಂಕ್ತಿಗಳಾಗುವುವೆಂಬುದೇ ಅವರ ಭಯವಾಗಿತ್ತು. ಪಂಕ್ತಿಭೇದವೆಂದರೇನೆಂಬುದನ್ನು ನಮ್ಮ ದೇಶದವರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಸರಕಾರಿ ಪದವಿ ಕಾಲೇಜುಗಳನ್ನು ಸಾವಿರಾರು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಡೆಯಿಸುತ್ತಿರುವ ನಮ್ಮ ನಾಡಿನಲ್ಲಿ ಈ ಭಯವು ಕಾಲ್ಪನಿಕವಲ್ಲ. ಉಚಿತ ಪಾಠವು ಗುರುವಿಗೆ ಊರುಗೋಲಾಗಬೇಕೇ ಹೊರತು ಗುರುವನ್ನು ಮನೆಗೆ ಕಳುಹಿಸುವ ನೆಪವಾಗಬಾರದು.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಕನ್ನಡದಲ್ಲಿ ಒಂದು ಒಳ್ಳೆಯ ಪಾಠಕ್ರಮವನ್ನು ಸಿದ್ಧಪಡಿಸಿದ ಅಧ್ಯಾಪಕನ ಶ್ರಮವನ್ನು, ಇಂಗ್ಲಿಷ್ ಪತ್ರಿಕೆಯಲ್ಲಿ ಲೇಖನ ಬರೆದವನ ಶ್ರಮಕ್ಕೆ ಸಮನಾಗಿ ಬಡ್ತಿಯ ಲೆಕ್ಕಕ್ಕೆ ಹಿಡಿಯಬೇಕು. ಬರಿಯ ಭಾಷಾಭಿಮಾನದ ಮೇಲೆ ಎಷ್ಟು ದಿನ ಕೆಲಸ ಮಾಡಿಸುವುದು? ಎರಡನೆಯದಾಗಿ, ಪ್ರಜೆಗಳ ತೆರಿಗೆಯ ಹಣದಿಂದ ತಯಾರಾದ ಪಾಠ, ಪುಸ್ತಕ, ಚಿತ್ರಗಳೆಲ್ಲವೂ ಯಾರು ಬೇಕಾದರೂ ನಕಲು ಮಾಡಿ, ತಿದ್ದಿ, ಹಂಚಬಹುದಾದ ಮುಕ್ತ ಪರವಾನಗಿಯ ಮೇಲೆ ಹೊರಬರಬೇಕು. ಆಗ ಒಂದು ಕಚೇರಿಯ ಯಂತ್ರವು ಕೆಟ್ಟರೂ, ಒಂದು ಇಲಾಖೆಯ ಉತ್ಸಾಹವು ತಣ್ಣಗಾದರೂ ಪಾಠವು ಸಾಯುವುದಿಲ್ಲ. ನೂರು ಕಡೆ ಅದರ ಪ್ರತಿಗಳಿರುತ್ತವೆ. ಮೂರನೆಯದಾಗಿ, ಎಂಜಿನಿಯರಿಂಗ್ ವಿದ್ಯೆಯೊಂದರಿಂದಲೇ ನಾಡು ಬೆಳೆಯುವುದಿಲ್ಲ. ಗ್ರಾಮಪಂಚಾಯಿತಿಯ ಸದಸ್ಯನಿಗೆ ಬೇಕಾದ ಕಾನೂನು, ರೈತನಿಗೆ ಬೇಕಾದ ಮಣ್ಣಿನ ಶಾಸ್ತ್ರ, ತಾಯಿಗೆ ಬೇಕಾದ ಆರೋಗ್ಯಶಾಸ್ತ್ರ, ಅಂಗಡಿಯವನಿಗೆ ಬೇಕಾದ ಲೆಕ್ಕ, ಎಲ್ಲ ಪೌರರಿಗೂ ಬೇಕಾದ ಸಂವಿಧಾನ ಮತ್ತು ಚರಿತ್ರೆ, ಇವೆಲ್ಲವೂ ಕನ್ನಡದಲ್ಲಿ ಮೊದಲಿನಿಂದಲೇ ರಚಿತವಾಗಬೇಕು. ಬೆಂಗಳೂರು ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾನಿಲಯಗಳೂ, ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯವೂ, ಹಂಪಿಯ ಕನ್ನಡ ವಿಶ್ವವಿದ್ಯಾನಿಲಯವೂ ಕೆಲಸವನ್ನು ಹಂಚಿಕೊಂಡು ಪಾರಿಭಾಷಿಕ ಶಬ್ದಗಳಲ್ಲಿ ಏಕರೂಪತೆಯನ್ನು ಕಾಯ್ದುಕೊಂಡರೆ ಇದು ಅಸಾಧ್ಯವಲ್ಲ.

ನಾಲ್ಕನೆಯದಾಗಿ, ಪಾಠವನ್ನು ಕೇಳಲು ಊರಿನಲ್ಲಿ ಒಂದು ಜಾಗವಿರಬೇಕು. 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ವರ್ಗವಾದ ಗ್ರಾಮಪಂಚಾಯಿತಿ ಗ್ರಂಥಾಲಯಗಳು ಐದು ಸಾವಿರಕ್ಕೂ ಮಿಕ್ಕಿವೆ. ಅವಕ್ಕೆ ‘ಅರಿವು ಕೇಂದ್ರ’ವೆಂಬ ಸೊಗಸಾದ ಹೆಸರೂ ಬಂದಿದೆ. ಪ್ರತಿಯೊಂದರಲ್ಲಿಯೂ ನಾಲ್ಕು ಕಂಪ್ಯೂಟರುಗಳು, ಕೆಡದ ವಿದ್ಯುತ್ತು, ಸಂಜೆಯ ಹೊತ್ತು ಬಾಗಿಲು ತೆರೆದಿರುವ ನಿಯಮ, ವಾರಕ್ಕೆ ಒಂದೆರಡು ದಿನ ಬಂದು ಸಂದೇಹಗಳನ್ನು ಪರಿಹರಿಸುವ ಪದವೀಧರನೊಬ್ಬ, ಇಷ್ಟಿದ್ದರೆ ಆ ಹೆಸರು ಸಾರ್ಥಕವಾಗುತ್ತದೆ. ನಗರಗಳಲ್ಲಿ ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನು ತೆರುತ್ತಿರುವ ಪೌರರು ತಮ್ಮ ವಾರ್ಡಿನ ಗ್ರಂಥಾಲಯದಲ್ಲಿಯೂ ಇಂಥ ಏರ್ಪಾಡನ್ನು ಹಕ್ಕಿನಿಂದ ಕೇಳಬೇಕು. ಕೊನೆಯದಾಗಿ, ಪಾಠವನ್ನು ಬಿಟ್ಟಿಯಾಗಿ ಕೇಳಿದ ಬಡ ವಿದ್ಯಾರ್ಥಿಗೆ ಪರೀಕ್ಷೆಯ ಶುಲ್ಕವೇ ಅಡ್ಡಿಯಾಗದಂತೆ ರಾಜ್ಯ ಸರಕಾರವು ಅದನ್ನು ತಾನೇ ತೆತ್ತರೆ ಬೊಕ್ಕಸವೇನೂ ಬರಿದಾಗುವುದಿಲ್ಲ.

ಇಂಗ್ಲಿಷನ್ನು ಕಲಿಯಬಾರದೆಂದು ನಾವು ಹೇಳುತ್ತಿಲ್ಲ. ಉದ್ಯೋಗಕ್ಕೆ ಅದು ಬೇಕು. ಲೋಕದ ವ್ಯವಹಾರಕ್ಕೂ ಬೇಕು. ವಿಷಯವನ್ನು ಮೊದಲು ತನ್ನ ಮಾತಿನಲ್ಲಿ ತಿಳಿದವನು ಆಮೇಲೆ ಬೇರೆ ಮಾತಿನಲ್ಲಿಯೂ ಅದನ್ನು ಸುಲಭವಾಗಿ ಹಿಡಿಯಬಲ್ಲನು. ವಿಷಯವೂ ತಿಳಿಯದೆ ಭಾಷೆಯೂ ಬಾರದೆ ಬಾಯಿಪಾಠದಿಂದ ಪರೀಕ್ಷೆ ಗೆದ್ದವನಾದರೋ ಎರಡು ಕಡೆಯೂ ಸಲ್ಲನು. ಕನ್ನಡದ ಉಚಿತ ಪಾಠಗಳಿಗೆ ರಾಜ್ಯದ ಗಡಿಯೂ ಅಡ್ಡಬರುವುದಿಲ್ಲವೆಂಬುದನ್ನು ಮರೆಯಬಾರದು. ಕಾಸರಗೋಡಿನಲ್ಲಿಯೂ ಸೊಲ್ಲಾಪುರ, ಅಕ್ಕಲಕೋಟೆಗಳ ಸೀಮೆಯಲ್ಲಿಯೂ ಕನ್ನಡ ಶಾಲೆಗಳನ್ನು ಕಷ್ಟದಿಂದ ಉಳಿಸಿಕೊಂಡು ಬಂದಿರುವ ನಮ್ಮವರ ಮಕ್ಕಳಿಗೆ ಶಾಲೆಯ ಮುಂದಿನ ವಿದ್ಯೆಯೂ ಕನ್ನಡದಲ್ಲಿ ದೊರೆಯುವ ದಾರಿ ಇದಕ್ಕಿಂತ ಬೇರೆ ಯಾವುದಿದೆ?

ಎಲ್ಲರಿಗೂ ವಿಶ್ವವಿದ್ಯಾನಿಲಯವೆಂಬ ಆದರ್ಶವನ್ನು ಕುವೆಂಪು ಅವರು ಮೈಸೂರಿನ ಕುಲಪತಿ ಸ್ಥಾನದಲ್ಲಿದ್ದಾಗಲೇ, ಎಂದರೆ 1956ರಿಂದ 1960ರ ಅವಧಿಯಲ್ಲಿಯೇ, ನಾಡಿನ ಮುಂದಿಟ್ಟರು. ಆಗ ಕೊರತೆಯಾಗಿದ್ದುದು ಸಾಧನ. ಈಗ ಸಾಧನವು ಬಂದಿದೆ, ಸಂಕಲ್ಪವು ಬರಬೇಕಾಗಿದೆ. ವಿಧಾನಮಂಡಲದ ಸದಸ್ಯರು ಮುಂದಿನ ಆಯವ್ಯಯದ ಚರ್ಚೆಯ ಕಾಲದಲ್ಲಿ ಮಂತ್ರಿಗಳನ್ನು ಎರಡು ಪ್ರಶ್ನೆಗಳನ್ನು ಕೇಳಲಿ: ಈ ವರ್ಷ ಕನ್ನಡದಲ್ಲಿ ಎಷ್ಟು ಪಾಠಕ್ರಮಗಳು ಸಿದ್ಧವಾದುವು? ಅವನ್ನು ಪೂರೈಸಿದವರಲ್ಲಿ ಹಳ್ಳಿಯ ಮಕ್ಕಳೆಷ್ಟು, ಹೆಣ್ಣುಮಕ್ಕಳೆಷ್ಟು? ಎಷ್ಟು ಜನ ಹೆಸರು ಬರೆಯಿಸಿದರೆಂಬ ಲೆಕ್ಕದಿಂದ ತೃಪ್ತರಾಗದೆ ಎಷ್ಟು ಜನ ಕಲಿತರೆಂಬ ಲೆಕ್ಕವನ್ನು ವರ್ಷವರ್ಷವೂ ಕೇಳಿ ಪಡೆಯುವವರೆಗೆ ಉಚಿತ ವಿದ್ಯೆಯೆಂಬುದು ಭಾಷಣದ ಮಾತಾಗಿಯೇ ಉಳಿಯುವುದು.